ಕಾರಿನ ಟ್ಯಾಂಕಿಗೆ ಹೂಂ, ಕೈಯಲ್ಲಿರುವ ಕ್ಯಾನಿಗೆ ಊಹೂಂ: ಪ್ರಯಾಣಿಕ ಫೆರಿಗಳಲ್ಲಿ ಅಪಾಯಕಾರಿ ಸರಕಿನ ನಿಯಮಗಳು

ಇನ್ನೂರು ಕಾರು ತುಂಬಿಕೊಂಡು ಹೊರಡುವ ಒಂದು ಫೆರಿ ಇದೆ ಎಂದುಕೊಳ್ಳಿ. ಕಾರೊಂದಕ್ಕೆ ಮೂವತ್ತು ಲೀಟರ್ ಎಂದು ಹಿಡಿದರೂ ಪ್ರಯಾಣಿಕರ ಕಾಲ ಕೆಳಗಿನ ಡೆಕ್ಕಿನಲ್ಲಿ 6,000 ಲೀಟರ್ ಇಂಧನ ಇರುತ್ತದೆ. ಅದೇ ಫೆರಿಗೆ ಐದು ಲೀಟರ್ ಪೆಟ್ರೋಲಿನ ಕ್ಯಾನ್ ಹಿಡಿದು ಹತ್ತಲು ಹೋಗಿ, ಗೇಟಿನಲ್ಲೇ ತಡೆಯುತ್ತಾರೆ. ಕ್ಯಾನ್ ಖಾಲಿ ಇದೆ, ಬೇಕಾದರೆ ಅಲುಗಾಡಿಸಿ ನೋಡಿ ಎಂದರೂ ಎಷ್ಟೋ ಕಡೆ ಬಿಡುವುದಿಲ್ಲ. ಆರು ಸಾವಿರ ಲೀಟರಿಗಿಲ್ಲದ ಭಯ ಐದು ಲೀಟರಿಗೆ ಯಾಕೆ ಎಂದು ಪ್ರಯಾಣಿಕರು ರೇಗುವುದು ಸಹಜ. ಆದರೆ ಈ ಒಂದು ವಿಷಯದಲ್ಲಿ ಗೇಟಿನವರ ಲೆಕ್ಕವೇ ಸರಿ.

ಅಪಾಯಕಾರಿ ಸರಕಿನ ನಿಯಮಗಳು ವಸ್ತುವಿನ ಗುಣವನ್ನು ಮಾತ್ರ ನೋಡಿ ಮಾಡಿದವಲ್ಲ. ಅದು ಯಾವುದರೊಳಗಿದೆ, ಎಲ್ಲಿದೆ, ಪಕ್ಕದಲ್ಲಿ ಯಾರಿದ್ದಾರೆ, ಹೊತ್ತಿಕೊಂಡರೆ ಆ ಜಾಗಕ್ಕೆ ನೀರು ಹಾಯಿಸುವ ವ್ಯವಸ್ಥೆ ಇದೆಯೇ ಎಂಬುದನ್ನೆಲ್ಲ ಸೇರಿಸಿ ಲೆಕ್ಕ ಹಾಕುತ್ತವೆ. ಕಾರಿನ ಟ್ಯಾಂಕನ್ನು ಮಾಡಿರುವುದೇ ಇಂಧನ ತುಂಬಿಕೊಂಡು ಓಡಾಡುವುದಕ್ಕೆ. ಕಾರ್ ಡೆಕ್ಕಿನಲ್ಲಿ ಎಂಜಿನ್ ಆರಿಸಿರುತ್ತಾರೆ, ದೊಡ್ಡ ಫ್ಯಾನುಗಳು ಗಾಳಿ ಎಳೆಯುತ್ತಿರುತ್ತವೆ, ಹೊಗೆ ಪತ್ತೆ ಮಾಡುವ ಸಾಧನಗಳಿರುತ್ತವೆ, ಮೇಲ್ಛಾವಣಿಯಲ್ಲಿ ನೀರು ಸುರಿಸುವ ಕೊಳವೆಗಳ ಸಾಲಿರುತ್ತದೆ. ಹಡಗು ಹೊರಟ ಮೇಲೆ ಸಾಮಾನ್ಯವಾಗಿ ಪ್ರಯಾಣಿಕರಿಗೆ ಅಲ್ಲಿಗೆ ಪ್ರವೇಶವೇ ಇಲ್ಲ. ಕ್ಯಾನು ಹಾಗಲ್ಲ. ಅದು ನಿಮ್ಮ ಜೊತೆಯೇ ಮೇಲಕ್ಕೆ ಬರುತ್ತದೆ, ಸೀಟಿನ ಕೆಳಗೆ ಕೂರುತ್ತದೆ, ಬಿಸಿಲಿಗೆ ಉಬ್ಬುತ್ತದೆ, ಮುಚ್ಚಳ ಸಡಿಲವಾದರೆ ಜಿನುಗುತ್ತದೆ. ಪಕ್ಕದಲ್ಲೇ ಯಾರೋ ಸಿಗರೇಟು ಹಚ್ಚುತ್ತಾರೆ.

ಖಾಲಿ ಕ್ಯಾನಿನ ವಿಷಯ ಇನ್ನೂ ಸ್ವಾರಸ್ಯದ್ದು. ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ, ಅದರ ಆವಿ ಉರಿಯುತ್ತದೆ. ಗಾಳಿಯಲ್ಲಿ ಆವಿಯ ಪ್ರಮಾಣ ಸುಮಾರು ಶೇ 1.4ರಿಂದ 7.6ರ ನಡುವೆ ಇದ್ದಾಗ ಮಾತ್ರ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ತುಂಬಿದ ಕ್ಯಾನಿನೊಳಗೆ ಆವಿ ಎಷ್ಟು ದಟ್ಟವಾಗಿರುತ್ತದೆಂದರೆ ಉರಿಯಲು ಬೇಕಾದ ಗಾಳಿಯೇ ಅಲ್ಲಿರುವುದಿಲ್ಲ. ತಳದಲ್ಲಿ ನಾಲ್ಕು ಹನಿ ಉಳಿದ, ಮುಚ್ಚಳ ತೆರೆದು ಮುಚ್ಚಿದ ಕ್ಯಾನಿನಲ್ಲಿ ಮಾತ್ರ ಆವಿಯೂ ಗಾಳಿಯೂ ಸ್ಫೋಟಕ್ಕೆ ಬೇಕಾದ ಅಳತೆಯಲ್ಲಿ ಬೆರೆತಿರುವ ಸಾಧ್ಯತೆ ಹೆಚ್ಚು. ಹಾಗಾಗಿ ತೊಳೆಯದ ಖಾಲಿ ಡಬ್ಬ, ಡ್ರಮ್ಮು, ಸಿಲಿಂಡರುಗಳನ್ನು ತುಂಬಿದವುಗಳಂತೆಯೇ ಕಾಣಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ.

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರಿ ಚದುರಿ ಹೋಗುವ ಬದಲು ನೆಲಕ್ಕಂಟಿಕೊಂಡು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಎಲ್‌ಪಿಜಿಯೂ ಹಾಗೆಯೇ. ರಸ್ತೆಯಲ್ಲಾದರೆ ಗಾಳಿ ಬೀಸಿ ಅದನ್ನು ಒಯ್ಯುತ್ತದೆ. ಹಡಗಿನಲ್ಲಿ ನಾಲ್ಕೂ ಕಡೆ ಉಕ್ಕಿನ ಗೋಡೆ, ಕೆಳಗೆ ತಳದ ಗುಂಡಿ. ಈ ಒಂದು ಭೌತಿಕ ಸತ್ಯವನ್ನು ಕಾರ್ ಡೆಕ್ಕಿನ ವಿನ್ಯಾಸದಲ್ಲೇ ಓದಬಹುದು. ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್ ಪ್ರಕಾರ, ಆವಿ ಸೇರಿಕೊಳ್ಳಬಹುದಾದ ವಾಹನ ಡೆಕ್ಕುಗಳಲ್ಲಿ ಕಿಡಿ ಹಾರಿಸಬಲ್ಲ ವಿದ್ಯುತ್ ಉಪಕರಣ ಡೆಕ್ಕಿನಿಂದ ಕನಿಷ್ಠ 450 ಮಿಲಿಮೀಟರ್ ಮೇಲಿರಬೇಕು, ಅಂದರೆ ಹೆಚ್ಚುಕಡಿಮೆ ಮೊಣಕಾಲಿನೆತ್ತರ. ಪ್ರಯಾಣಿಕ ಹಡಗಿನ ಮುಚ್ಚಿದ ವಾಹನ ಡೆಕ್ಕಿನಲ್ಲಿ ಗಂಟೆಗೆ ಹತ್ತು ಸಲ ಇಡೀ ಗಾಳಿ ಬದಲಾಗಬೇಕು. ಮುಂದಿನ ಸಲ ಫೆರಿಯಲ್ಲಿ ಕಾರಿಳಿದು ಮೆಟ್ಟಿಲ ಕಡೆ ಹೋಗುವಾಗ ಸ್ವಿಚ್ಚು, ದೀಪ, ಪ್ಲಗ್ಗುಗಳು ಎಷ್ಟು ಎತ್ತರದಲ್ಲಿವೆ ನೋಡಿ. ಕಿವಿಗೆ ಬಡಿಯುವ ಆ ಫ್ಯಾನಿನ ಸದ್ದಿಗೂ ಇದೇ ಕಾರಣ.

ತಲೆ ಎಣಿಸುವ ನಿಯಮ

ಅಪಾಯಕಾರಿ ಸರಕನ್ನು ಹಡಗಿನಲ್ಲಿ ಒಯ್ಯುವ ಬಗೆ ಹೇಳುವ ಐಎಂಡಿಜಿ ಕೋಡ್ ಎಂಬ ಅಂತರರಾಷ್ಟ್ರೀಯ ಸಂಹಿತೆಯನ್ನು ವಿಶ್ವಸಂಸ್ಥೆಯ ಸಾಗರಯಾನ ಸಂಸ್ಥೆ ಐಎಂಒ 1965ರಲ್ಲಿ ಅಂಗೀಕರಿಸಿತು. ನಾಲ್ಕು ದಶಕ ಅದು ಶಿಫಾರಸಾಗಿಯೇ ಉಳಿದಿತ್ತು. ಸೋಲಾಸ್ ಮೂಲಕ ಕಡ್ಡಾಯವಾದದ್ದು 2004ರ ಜನವರಿ 1ರಿಂದ. ಎರಡು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. ಸರಕನ್ನು ಒಂಬತ್ತು ವರ್ಗಗಳಾಗಿ ಹಂಚುತ್ತದೆ: ಸ್ಫೋಟಕ, ಅನಿಲ, ಉರಿಯುವ ದ್ರವ, ಉರಿಯುವ ಘನ, ಆಮ್ಲಜನಕ ಬಿಡುವ ವಸ್ತು, ವಿಷ ಮತ್ತು ಸೋಂಕು, ವಿಕಿರಣ, ಸುಡುವ ಆಮ್ಲ-ಕ್ಷಾರ, ಕೊನೆಗೆ ಇವು ಯಾವುದಕ್ಕೂ ಸೇರದ ಇತರೆ. ಪ್ರತಿ ವಸ್ತುವಿಗೂ ನಾಲ್ಕು ಅಂಕಿಯ ಯುಎನ್ ಸಂಖ್ಯೆ ಇದೆ. ಪೆಟ್ರೋಲ್ 1203, ಡೀಸೆಲ್ 1202, ಸೀಮೆಎಣ್ಣೆ 1223, ಎಲ್‌ಪಿಜಿ 1075. ಟ್ಯಾಂಕರ್ ಲಾರಿಗಳ ಹಿಂದೆ ಕಾಣುವ ಸಂಖ್ಯೆಗಳು ಇವೇ.

ಫೆರಿಯ ಮಟ್ಟಿಗೆ ವರ್ಗಕ್ಕಿಂತ ಮುಖ್ಯವಾದದ್ದು ವಸ್ತುವನ್ನು ಹಡಗಿನಲ್ಲಿ ಎಲ್ಲಿ ಇಡಬಹುದು ಎಂದು ಹೇಳುವ ಎ, ಬಿ, ಸಿ, ಡಿ, ಇ ಎಂಬ ಐದು ದರ್ಜೆಗಳು. 'ಎ' ಆದರೆ ಸರಕು ಹಡಗೋ ಪ್ರಯಾಣಿಕ ಹಡಗೋ, ಡೆಕ್ಕಿನ ಮೇಲೋ ಕೆಳಗೋ, ಎಲ್ಲಿ ಬೇಕಾದರೂ ಸರಿ. 'ಬಿ' ಆದರೆ ಪ್ರಯಾಣಿಕ ಹಡಗಿನಲ್ಲಿ ತೆರೆದ ಡೆಕ್ಕಿನ ಮೇಲೆ ಮಾತ್ರ. 'ಸಿ' ಯಾವ ಹಡಗಿನಲ್ಲಾದರೂ ಮೇಲೆಯೇ. 'ಡಿ' ಮತ್ತು 'ಇ' ಆದರೆ ಪ್ರಯಾಣಿಕರಿರುವ ಹಡಗಿಗೆ ಪೂರ್ತಿ ನಿಷಿದ್ಧ. ಡೀಸೆಲ್ ಮತ್ತು ಸೀಮೆಎಣ್ಣೆ 'ಎ' ದರ್ಜೆಯವು. ಪೆಟ್ರೋಲ್ ಮತ್ತು ಎಲ್‌ಪಿಜಿ 'ಇ'. ವೆಲ್ಡಿಂಗಿಗೆ ಬಳಸುವ ಅಸಿಟಿಲೀನ್ 'ಡಿ'.

ಹಾಗಾದರೆ ಪ್ರಯಾಣಿಕರಿರುವ ಹಡಗು ಎಂದರೆ ಯಾವುದು? ಸೋಲಾಸ್ ಪ್ರಕಾರ ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವುದೆಲ್ಲ ಪ್ರಯಾಣಿಕ ಹಡಗೇ. ಸರಕು ಇಡುವ ದರ್ಜೆಗಳಿಗೆ ಮಾತ್ರ ಐಎಂಡಿಜಿ ಬೇರೆ ಗೆರೆ ಎಳೆಯುತ್ತದೆ: 25 ಪ್ರಯಾಣಿಕರು, ಅಥವಾ ಹಡಗಿನ ಉದ್ದದ ಪ್ರತಿ ಮೂರು ಮೀಟರಿಗೆ ಒಬ್ಬರು, ಇವೆರಡರಲ್ಲಿ ಯಾವುದು ಹೆಚ್ಚೋ ಅದು. 150 ಮೀಟರ್ ಉದ್ದದ ಫೆರಿಯಲ್ಲಿ 50 ಜನ ಇದ್ದರೆ ಪೆಟ್ರೋಲ್ ಟ್ಯಾಂಕರ್ ಲಾರಿಯ ಮಟ್ಟಿಗೆ ಅದು ಸರಕು ಹಡಗು. 51ನೆಯವರು ಟಿಕೆಟ್ ತೆಗೆದುಕೊಂಡ ಕೂಡಲೇ ಅದೇ ಉಕ್ಕು, ಅದೇ ಡೆಕ್ಕು, ಅದೇ ಸಿಬ್ಬಂದಿ ಇದ್ದರೂ ಲಾರಿ ಹತ್ತುವಂತಿಲ್ಲ.

ಇದು ಕೇಳುವುದಕ್ಕೆ ವಿಚಿತ್ರವಾಗಿದ್ದರೂ ಹಿಂದಿರುವ ತರ್ಕ ಗಟ್ಟಿಯಾಗಿದೆ. ಸರಕು ಹಡಗಿನ ಇಪ್ಪತ್ತು ಮಂದಿಗೆ ಬೆಂಕಿ ಆರಿಸುವ ತರಬೇತಿ ಇರುತ್ತದೆ, ಯಾವ ಬಾಗಿಲು ಎಲ್ಲಿದೆ ಎಂದು ಕತ್ತಲಲ್ಲೂ ಗೊತ್ತಿರುತ್ತದೆ. ಫೆರಿಯ ಐನೂರು ಮಂದಿಯಲ್ಲಿ ಮಕ್ಕಳು, ಮುದುಕರು, ನಿದ್ದೆಯಲ್ಲಿರುವವರು, ಕೆಳಗಿಳಿದು ಕಾರಿನಲ್ಲಿಟ್ಟ ಬ್ಯಾಗ್ ತರಲು ಹೊರಡುವವರು ಎಲ್ಲರೂ ಇರುತ್ತಾರೆ. ಬೆಂಕಿ ಆರಿಸಬೇಕಾದ ಸಿಬ್ಬಂದಿಯ ಅರ್ಧದಷ್ಟು ಮಂದಿ ಜನರನ್ನು ಸಾಗಿಸುವುದರಲ್ಲೇ ಮುಳುಗಿಹೋಗುತ್ತಾರೆ.

ಆದರೆ ಈ ತರ್ಕ ನಿಂತಿರುವುದು ತಲೆಯೆಣಿಕೆ ನಿಜವಾಗಿರುತ್ತದೆ ಎಂಬ ನಂಬಿಕೆಯ ಮೇಲೆ. 1987ರ ಡಿಸೆಂಬರ್ 20ರ ರಾತ್ರಿ ಫಿಲಿಪ್ಪೀನ್ಸ್‌ನಲ್ಲಿ ಡೋನಾ ಪಾಸ್ ಎಂಬ ಫೆರಿ, ಪೆಟ್ರೋಲಿಯಂ ತುಂಬಿದ್ದ ವೆಕ್ಟರ್ ಎಂಬ ಟ್ಯಾಂಕರಿಗೆ ಡಿಕ್ಕಿ ಹೊಡೆಯಿತು. ನೀರಿನ ಮೇಲೆಯೇ ಬೆಂಕಿ ಹರಡಿತು. ಫೆರಿಯ ಅಧಿಕೃತ ಪಟ್ಟಿಯಲ್ಲಿದ್ದ ಪ್ರಯಾಣಿಕರು ಸುಮಾರು 1,500. ಸತ್ತವರು 4,000ಕ್ಕೂ ಹೆಚ್ಚು. ಅಲ್ಲಿ ಅಪಾಯಕಾರಿ ಸರಕು ಇದ್ದದ್ದು ಎದುರಿನ ಹಡಗಿನಲ್ಲಿ, ನಿಜ. ಆದರೆ ಹತ್ತಿದವರ ಸಂಖ್ಯೆಯೇ ಗೊತ್ತಿಲ್ಲದ ವ್ಯವಸ್ಥೆಯಲ್ಲಿ 25ರ ಗೆರೆ, ಮೂರು ಮೀಟರಿನ ಲೆಕ್ಕ ಎಲ್ಲವೂ ಕಾಗದದ ಮೇಲಿನ ಗಣಿತವಾಗಿ ಉಳಿಯುತ್ತದೆ.

ಡ್ರಮ್ಮಿನ ಮೇಲಿನ ಬರಹ

ಸರಕು ಘೋಷಿಸಿ ಒಯ್ಯುವವರಿಗೆ ವ್ಯವಸ್ಥೆ ಸಾಕಷ್ಟು ಸ್ಪಷ್ಟವಾಗಿದೆ. ಇನ್ನೂರು ಲೀಟರಿನ ಒಂದು ಉಕ್ಕಿನ ಡ್ರಮ್ಮನ್ನು ಹತ್ತಿರದಿಂದ ನೋಡಿದರೆ '1ಎ1/ವೈ1.4/150' ಎಂಬಂಥ ಅಚ್ಚು ಕಾಣುತ್ತದೆ. ಮೊದಲ 1 ಎಂದರೆ ಡ್ರಮ್ಮು, ಎ ಎಂದರೆ ಉಕ್ಕು, ಮುಂದಿನ 1 ಎಂದರೆ ಮೇಲ್ಭಾಗ ಕಳಚಲು ಬಾರದ ಮಾದರಿ. ವೈ ಎಂದರೆ ಮಧ್ಯಮ ಮತ್ತು ಕಡಿಮೆ ಅಪಾಯದ ವಸ್ತುಗಳಿಗೆ ಮಾತ್ರ ಯೋಗ್ಯ. ಅತಿ ಅಪಾಯದ್ದಕ್ಕೆ ಎಕ್ಸ್ ಬೇಕು. 1.4 ಎಂದರೆ ನೀರಿಗಿಂತ 1.4 ಪಟ್ಟು ಸಾಂದ್ರತೆಯ ದ್ರವದವರೆಗೆ ಪರೀಕ್ಷೆ ಪಾಸಾಗಿದೆ. 150 ಎಂಬುದು ಅದು ತಡೆದ ಒತ್ತಡ, ಕಿಲೋಪ್ಯಾಸ್ಕಲ್‌ಗಳಲ್ಲಿ. ಇದರ ಜೊತೆಗೆ ಘೋಷಣಾ ಪತ್ರದಲ್ಲಿ ಯುಎನ್ ಸಂಖ್ಯೆ, ಅಧಿಕೃತ ಹೆಸರು, ವರ್ಗ, ಪ್ರಮಾಣ ಎಲ್ಲ ಇರಬೇಕು. ಹಡಗಿನಲ್ಲಿ ಯಾವ ಅಪಾಯಕಾರಿ ಸರಕು ಎಲ್ಲಿದೆ ಎಂಬ ಪಟ್ಟಿ ಅಥವಾ ನಕ್ಷೆ ಹೊರಡುವ ಮೊದಲೇ ಸಿದ್ಧವಿರಬೇಕು. ಬೆಂಕಿ ಬಿದ್ದಾಗ ಮೊದಲು ಓಡುವುದು ಆ ಪಟ್ಟಿಯ ಹತ್ತಿರ. ಯಾವುದರ ಮೇಲೆ ನೀರು ಸುರಿಯಬಹುದು, ಯಾವುದರ ಮೇಲೆ ಸುರಿದರೆ ಇನ್ನೂ ಕೆಡುತ್ತದೆ ಎಂಬುದು ಅದರಿಂದಲೇ ಗೊತ್ತಾಗಬೇಕು.

ಅಂಗಡಿಗೆ ಹೋಗುವ ಸುಗಂಧ, ಬಣ್ಣ, ಸ್ಪ್ರೇ ಡಬ್ಬಿಗಳಂಥ ಚಿಲ್ಲರೆ ಸರಕಿಗೆ ಸೀಮಿತ ಪ್ರಮಾಣ ಎಂಬ ರಿಯಾಯಿತಿ ಇದೆ. ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ, ಪೆಟ್ಟಿಗೆಯೊಂದಕ್ಕೆ 30 ಕಿಲೋ ಮೀರದಂತೆ ಕಟ್ಟಿದರೆ ಅದು 'ಎ' ದರ್ಜೆಗೆ ಬರುತ್ತದೆ. ಈ ರಿಯಾಯಿತಿ ಇಲ್ಲದಿದ್ದರೆ ಫೆರಿ ನಂಬಿದ ಊರುಗಳ ಅಂಗಡಿಗಳು ಅರ್ಧ ಖಾಲಿಯಾಗಿರುತ್ತಿದ್ದವು.

ಕಷ್ಟ ಶುರುವಾಗುವುದು ಘೋಷಿಸದೇ ಬರುವುದರಿಂದ. 2019ರ ಮೇ 25ರಂದು ಥಾಯ್ಲೆಂಡಿನ ಲೇಮ್ ಚಬಾಂಗ್ ಬಂದರಿನಲ್ಲಿ ಕೆಎಂಟಿಸಿ ಹಾಂಗ್‌ಕಾಂಗ್ ಎಂಬ ಕಂಟೇನರ್ ಹಡಗು ಸ್ಫೋಟಿಸಿ ಉರಿಯಿತು. ಕಂಟೇನರುಗಳಲ್ಲಿ ನೀರು ಶುದ್ಧೀಕರಣಕ್ಕೆ ಬಳಸುವ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಇತ್ತೆಂದೂ ಕಾಗದದಲ್ಲಿ ಅದನ್ನು ಗೊಂಬೆ ಎಂದು ಬರೆಯಲಾಗಿತ್ತೆಂದೂ ವರದಿಯಾಯಿತು. ಬಿಸಿಯಾದರೆ ತಾನೇ ಆಮ್ಲಜನಕ ಬಿಡುವ ಈ ಪುಡಿ ಪ್ರಯಾಣಿಕ ಹಡಗಿಗೆ ನಿಷಿದ್ಧ. ಗೊಂಬೆಗೆ ಯಾರ ತಕರಾರೂ ಇಲ್ಲ, ಬಾಡಿಗೆಯೂ ಕಡಿಮೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರಿಗೆ ಎಂಥ ಸಂಹಿತೆಯೂ ಅಡ್ಡಿಯಲ್ಲ. ಕಂಟೇನರ್ ಹಡಗಿನಲ್ಲಿ ಇದು ನಡೆಯುತ್ತದೆಂದರೆ ಟಾರ್ಪಾಲು ಹೊದಿಸಿಕೊಂಡು ಬರುವ ಲಾರಿಗಳನ್ನು ಸಾಲಾಗಿ ಹತ್ತಿಸಿಕೊಂಡು ಇಪ್ಪತ್ತು ನಿಮಿಷದಲ್ಲಿ ಹೊರಡಬೇಕಾದ ಫೆರಿಯಲ್ಲಿ ಎಷ್ಟು ಸುಲಭ ಎಂದು ಯೋಚಿಸಬಹುದು.

ಇದ್ದಿಲಿನ ಕಥೆಯೂ ಇದೇ ಜಾತಿಯದು. ಇದ್ದಿಲು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಆದರೆ ಪರೀಕ್ಷೆ ಪಾಸಾಗಿದೆ ಎಂಬ ಕಾಗದ ತೋರಿಸಿದರೆ ಅಪಾಯಕಾರಿ ಪಟ್ಟಿಯಿಂದ ಹೊರಗಿಡುವ ಅವಕಾಶ ಇತ್ತು. ಕಾಗದ ಒಂದು, ಚೀಲದೊಳಗಿನದು ಇನ್ನೊಂದು ಆಗುತ್ತಾ ಹೋದ ಮೇಲೆ ಐಎಂಒ ಆ ದಾರಿ ಮುಚ್ಚಿತು. 2026ರ ಜನವರಿ 1ರಿಂದ ಕಡ್ಡಾಯವಾದ ಪರಿಷ್ಕರಣೆಯಲ್ಲಿ ಇದ್ದಿಲನ್ನು ಅಪಾಯಕಾರಿ ಸರಕೆಂದೇ ಘೋಷಿಸಿ ಒಯ್ಯಬೇಕು.

ಬ್ಯಾಟರಿಯ ತಕರಾರು

ಈಗ ಎಲ್ಲರ ಬಾಯಲ್ಲೂ ಇರುವುದು ಎಲೆಕ್ಟ್ರಿಕ್ ಕಾರು. ಅದೇ 2026ರ ಪರಿಷ್ಕರಣೆ ಲಿಥಿಯಂ ಅಯಾನ್ ಬ್ಯಾಟರಿಯ ವಾಹನಕ್ಕೆ 3556 ಎಂಬ ಪ್ರತ್ಯೇಕ ಯುಎನ್ ಸಂಖ್ಯೆ ಕೊಟ್ಟಿದೆ. ಮೊದಲು ಬ್ಯಾಟರಿ ಚಾಲಿತ ವಾಹನಗಳೆಲ್ಲ 3171 ಎಂಬ ಒಂದೇ ಸಂಖ್ಯೆಯಡಿ ಇದ್ದವು. ಆದರೂ ವಾಹನಗಳಿಗೆಂದೇ ಇರುವ ಡೆಕ್ಕಿನಲ್ಲಿ, ಸೋರಿಕೆಯಾಗಲೀ ಬ್ಯಾಟರಿಗೆ ಹಾನಿಯಾಗಲೀ ಇಲ್ಲದ ಕಾರು ನಿಂತರೆ ಸಂಹಿತೆಯ ಉಳಿದ ಷರತ್ತುಗಳಿಂದ ಅದಕ್ಕೆ ವಿನಾಯಿತಿ ಇದೆ. ಪೆಟ್ರೋಲ್ ಕಾರಿಗೆ ಸಿಗುವ ವಿನಾಯಿತಿ ಇದೇ.

ಇಲ್ಲಿ ಭಯ ಮತ್ತು ಲೆಕ್ಕ ಬೇರೆ ಬೇರೆ ದಾರಿ ಹಿಡಿದಿವೆ. 2023ರ ಜುಲೈನಲ್ಲಿ ನೆದರ್ಲೆಂಡ್ಸ್ ಕರಾವಳಿಯಲ್ಲಿ ಫ್ರೀಮ್ಯಾಂಟಲ್ ಹೈವೇ ಎಂಬ ಕಾರು ಸಾಗಣೆ ಹಡಗು ಹೊತ್ತಿ ಉರಿದು ಒಬ್ಬ ನಾವಿಕ ಸತ್ತಾಗ ಮೊದಲ ದಿನವೇ ಎಲ್ಲರ ಬೆರಳು ಎಲೆಕ್ಟ್ರಿಕ್ ಕಾರುಗಳ ಕಡೆ ತಿರುಗಿತು. ಹಡಗನ್ನು ಬಂದರಿಗೆ ಎಳೆತಂದ ಮೇಲೆ ನೋಡಿದರೆ ಕೆಳಗಿನ ಡೆಕ್ಕುಗಳಲ್ಲಿ ನೂರಾರು ಎಲೆಕ್ಟ್ರಿಕ್ ಕಾರುಗಳು ಸುಡದೇ ನಿಂತಿದ್ದವು. ಯುರೋಪಿನ ಸಾಗರ ಸುರಕ್ಷತಾ ಸಂಸ್ಥೆ ಎಮ್ಸಾ ನಡೆಸಿದ ಅಧ್ಯಯನಗಳಲ್ಲಿ ವಾಹನ ಡೆಕ್ಕಿನ ಬೆಂಕಿಗೆ ಮುಖ್ಯ ಕಾರಣವಾಗಿ ಕಾಣುವುದು ವಾಹನಗಳ ವಿದ್ಯುತ್ ದೋಷ, ಅದರಲ್ಲೂ ಶೀತಲೀಕರಣ ಲಾರಿಗಳ ವಿದ್ಯುತ್ ಸಂಪರ್ಕ. 2014ರ ಡಿಸೆಂಬರ್ 28ರಂದು ಏಡ್ರಿಯಾಟಿಕ್ ಸಮುದ್ರದಲ್ಲಿ ನಾರ್ಮನ್ ಅಟ್ಲಾಂಟಿಕ್ ಫೆರಿ ಉರಿದಾಗಲೂ ಶಂಕೆ ಹೋದದ್ದು ವಾಹನ ಡೆಕ್ಕಿನಲ್ಲಿ ಎಂಜಿನ್ ಓಡಿಸಿಕೊಂಡು ನಿಂತಿದ್ದ ಶೀತಲೀಕರಣ ಲಾರಿಗಳ ಮೇಲೆ. ಮೀನು, ಹಣ್ಣು ಹೊತ್ತ ಲಾರಿ ಯಾವ ಅಪಾಯಕಾರಿ ಪಟ್ಟಿಯಲ್ಲೂ ಬರುವುದಿಲ್ಲ. ಅದರ ಮೇಲೆ ಅಪಾಯ ಸೂಚಿಸುವ ವಜ್ರಾಕಾರದ ಫಲಕವೂ ಇರುವುದಿಲ್ಲ.

ಎಲೆಕ್ಟ್ರಿಕ್ ಕಾರಿನಿಂದಲೇ ಫೆರಿಗೆ ಬೆಂಕಿ ಬಿದ್ದ ಒಂದು ಸ್ಪಷ್ಟ ಪ್ರಕರಣ 2010ರ ನವೆಂಬರ್‌ನದು. ಓಸ್ಲೋ-ಕೋಪನ್‌ಹೇಗನ್ ನಡುವಿನ ಪರ್ಲ್ ಆಫ್ ಸ್ಕ್ಯಾಂಡಿನೇವಿಯಾದಲ್ಲಿ ಚಾರ್ಜಿಗೆ ಹಾಕಿದ್ದ ಕಾರೊಂದು ಹೊತ್ತಿಕೊಂಡಿತು. ಅದು ಕಂಪನಿಯಿಂದ ಹಾಗೆಯೇ ಬಂದ ಎಲೆಕ್ಟ್ರಿಕ್ ಕಾರಲ್ಲ, ಸಾಮಾನ್ಯ ಕಾರನ್ನು ನಂತರ ಬ್ಯಾಟರಿಗೆ ಪರಿವರ್ತಿಸಿದ್ದು. ಯಾರೂ ಸಾಯಲಿಲ್ಲ. ಪರಿವರ್ತಿತ ವಾಹನ, ಡಿಕ್ಕಿಯಲ್ಲಿ ಜಖಂಗೊಂಡ ವಾಹನ, ಹಡಗಿನಲ್ಲಿ ಚಾರ್ಜಿಂಗ್: ನನ್ನ ಪ್ರಕಾರ ಬಿಗಿ ಮಾಡಬೇಕಾದದ್ದು ಈ ಮೂರನ್ನು. ಒಟ್ಟು ಎಲೆಕ್ಟ್ರಿಕ್ ಕಾರುಗಳನ್ನೇ ದೂರ ಇಡುವುದು ಸುಲಭದ ಹಾದಿ. ನಾರ್ವೆಯ ಹವಿಲಾ ಕಂಪನಿ 2023ರ ಜನವರಿಯಲ್ಲಿ ಎಲೆಕ್ಟ್ರಿಕ್, ಹೈಬ್ರಿಡ್, ಹೈಡ್ರೋಜನ್ ಕಾರುಗಳನ್ನು ಹತ್ತಿಸುವುದಿಲ್ಲ ಎಂದಾಗ ಆ ಹಾದಿಯನ್ನೇ ಹಿಡಿದಿತ್ತು. ಗ್ರೀಸ್ 2024ರಲ್ಲಿ ಇನ್ನೊಂದು ಬಗೆಯಲ್ಲಿ ಯೋಚಿಸಿತು: ಫೆರಿ ಹತ್ತುವ ಎಲೆಕ್ಟ್ರಿಕ್ ಕಾರಿನ ಚಾರ್ಜ್ ಶೇ 40 ಮೀರಬಾರದು ಎಂಬ ಮಿತಿ. ಇದರ ಹಿಂದೆ ವಿಜ್ಞಾನ ಇದೆ. ಚಾರ್ಜ್ ಕಡಿಮೆ ಇದ್ದಷ್ಟೂ ಬ್ಯಾಟರಿ ಕೋಶಗಳು ಸರಣಿಯಾಗಿ ಕಾದು ಸಿಡಿಯುವ ತೀವ್ರತೆ ಕಡಿಮೆ. ವಿಮಾನದಲ್ಲಿ ಸರಕಾಗಿ ಹೋಗುವ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗೆ 2016ರಿಂದಲೇ ಶೇ 30ರ ಮಿತಿ ಇದೆ. ಆದರೆ ರಜೆಯ ದಿನ ಬಂದರಿನಲ್ಲಿ ನಿಂತ ನೂರು ಕಾರುಗಳ ಮೀಟರ್ ನೋಡುವವರು ಯಾರು, ಶೇ 55 ತೋರಿಸಿದ ಕುಟುಂಬವನ್ನು ವಾಪಸ್ ಕಳಿಸುವವರು ಯಾರು?

ಬ್ಯಾಟರಿ ಬೆಂಕಿ ಹೆಚ್ಚು ಸಲ ಆಗುತ್ತದೆಯೋ ಇಲ್ಲವೋ, ಆದಾಗ ಅದರ ವರ್ತನೆ ಮಾತ್ರ ಬೇರೆ. ಹೊರಗಿನ ಗಾಳಿ ತಡೆದರೂ ಕೋಶದೊಳಗಿನ ರಾಸಾಯನಿಕ ಕ್ರಿಯೆ ನಿಲ್ಲುವುದಿಲ್ಲ, ಆರಿತೆಂದುಕೊಂಡ ಎಷ್ಟೋ ಗಂಟೆಗಳ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ, ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲ ಇರುತ್ತದೆ. ಕೆಲಸಕ್ಕೆ ಬರುವುದು ನೀರು, ಸಾಕಷ್ಟು ನೀರು, ಬಹಳ ಹೊತ್ತು. ಇಲ್ಲಿಂದ ಫೆರಿಯ ಇನ್ನೊಂದು ಇಕ್ಕಟ್ಟು ಶುರುವಾಗುತ್ತದೆ.

2006ರ ಫೆಬ್ರವರಿ 2ರ ರಾತ್ರಿ ಕೆಂಪು ಸಮುದ್ರದಲ್ಲಿ, ಸೌದಿ ಅರೇಬಿಯಾದ ದುಬಾದಿಂದ ಈಜಿಪ್ಟಿನ ಸಫಾಗಾಕ್ಕೆ ಹೊರಟಿದ್ದ ಅಲ್ ಸಲಾಮ್ ಬೊಕಾಚಿಯೊ 98 ಎಂಬ ಫೆರಿಯ ವಾಹನ ಡೆಕ್ಕಿಗೆ ಬೆಂಕಿ ಬಿತ್ತು. ಸಿಬ್ಬಂದಿ ನೀರು ಸುರಿದರು. ನೀರು ಹೊರಗೆ ಹರಿದುಹೋಗಬೇಕಾದ ಕಿಂಡಿಗಳಿಂದ ಸರಿಯಾಗಿ ಹೋಗಲಿಲ್ಲ. ಅಗಲವಾದ ಡೆಕ್ಕಿನ ಮೇಲೆ ನಿಂತ ನೀರು ಹಡಗು ಓಲಾಡಿದ ಕಡೆಗೇ ನುಗ್ಗಿತು. ವಾಲಿದ ಹಡಗು ಇನ್ನಷ್ಟು ವಾಲಿ ಮಗುಚಿತು. ಸತ್ತವರು ಸುಮಾರು ಸಾವಿರ. ಬೆಂಕಿಗಿಂತ ಹೆಚ್ಚು ಜನರನ್ನು ಕೊಂದದ್ದು ಬೆಂಕಿ ಆರಿಸಲು ಸುರಿದ ನೀರು. ವಾಹನ ಡೆಕ್ಕಿನಲ್ಲಿ ನಡುವೆ ಅಡ್ಡಗೋಡೆಗಳಿರುವುದಿಲ್ಲ, ಇದ್ದರೆ ವಾಹನ ಓಡಿಸಲಾಗದು. ಹಾಗಾಗಿ ನೀರನ್ನು ತಡೆಯುವುದೂ ಏನೂ ಇರುವುದಿಲ್ಲ. ಅಪಾಯಕಾರಿ ಸರಕಿನ ಪಟ್ಟಿ ಎಷ್ಟೇ ಉದ್ದವಿರಲಿ, ಡೆಕ್ಕಿನ ಮೂಲೆಯ ಜಾಲರಿಗೆ ಪ್ಲಾಸ್ಟಿಕ್ ಚೀಲ, ಹಗ್ಗದ ತುಂಡು ಸಿಕ್ಕಿಕೊಂಡು ಮುಚ್ಚಿದ್ದರೆ ಉಳಿದದ್ದೆಲ್ಲ ವ್ಯರ್ಥ. ತಪಾಸಣೆಗೆ ಬಂದವರು ಕಡತಕ್ಕಿಂತ ಮೊದಲು ಆ ಜಾಲರಿಗಳನ್ನು ನೋಡಿದರೆ ಒಳ್ಳೆಯದು.

2024ರ ಮೇ ತಿಂಗಳಲ್ಲಿ ಐಎಂಒ ಅಂಗೀಕರಿಸಿದ ಸೋಲಾಸ್ ತಿದ್ದುಪಡಿಗಳು 2026ರ ಜನವರಿ 1ರಿಂದ ಜಾರಿಗೆ ಬಂದಿವೆ. ಹೊಸ ವಾಹನ ಫೆರಿಗಳಲ್ಲಿ ಬೆಂಕಿ ಪತ್ತೆ ವ್ಯವಸ್ಥೆ ಬಿಗಿಯಾಗಬೇಕು, ವಾಹನ ಡೆಕ್ಕಿನಲ್ಲಿ ಕ್ಯಾಮೆರಾ ಕಣ್ಗಾವಲು ಇರಬೇಕು, ತೆರೆದ ಡೆಕ್ಕಿನ ವಾಹನಗಳ ಮೇಲೆ ನೀರು ಚಿಮ್ಮಿಸುವ ಸ್ಥಿರ ಫಿರಂಗಿಗಳಿರಬೇಕು ಎಂಬುದು ಅವುಗಳ ತಿರುಳು. ಹಳೆಯ ಹಡಗುಗಳಿಗೆ ಹೊರೆ ಕಡಿಮೆ. ಫೆರಿಯೊಂದು ಮೂವತ್ತು ನಲವತ್ತು ವರ್ಷ ಓಡುವುದು ಸಾಮಾನ್ಯವಾದ್ದರಿಂದ ಇಂದಿನ ತಿದ್ದುಪಡಿಯ ಪೂರ್ತಿ ಫಲ ಕಾಣುವ ಹೊತ್ತಿಗೆ ಈಗಿನ ಎಲೆಕ್ಟ್ರಿಕ್ ಕಾರುಗಳೆಲ್ಲ ಗುಜರಿ ಸೇರಿರುತ್ತವೆ.

ಬ್ಯಾಗಿನೊಳಗಿನದು

ಕಾರಿನ ಬ್ಯಾಟರಿಗೆ ಇಷ್ಟು ಚರ್ಚೆಯಾದರೆ, ಕ್ಯಾಬಿನ್ನಿಗೆ ಹೋಗುವ ಬ್ಯಾಟರಿಯ ಬಗ್ಗೆ ಮಾತೇ ಕಡಿಮೆ. ವಿಮಾನ ಹತ್ತುವವರಿಗೆ ಪವರ್ ಬ್ಯಾಂಕ್ 100 ವ್ಯಾಟ್-ಅವರ್ ಒಳಗಿರಬೇಕು, ಕೈಚೀಲದಲ್ಲೇ ಇರಬೇಕು ಎಂಬುದು ಬಾಯಿಪಾಠವಾಗಿದೆ. ಕಡಲಿನಲ್ಲಿ ಪ್ರಯಾಣಿಕರ ಸಾಮಾನಿಗೆ ಅಂಥ ಸರ್ವಮಾನ್ಯ ಪಟ್ಟಿ ಇಲ್ಲ. ಒಂದು ಕಂಪನಿ ಕ್ಯಾಂಪಿಂಗ್ ಗ್ಯಾಸನ್ನು ಕಾರಿನಲ್ಲಿಟ್ಟರೆ ಒಪ್ಪುತ್ತದೆ, ಇನ್ನೊಂದು ಒಪ್ಪುವುದಿಲ್ಲ. ಒಂದು ಕಡೆ ಎಲೆಕ್ಟ್ರಿಕ್ ಸ್ಕೂಟರನ್ನು ಮಡಚಿ ಕ್ಯಾಬಿನ್ನಿಗೆ ಒಯ್ಯಬಹುದು, ಇನ್ನೊಂದು ಕಡೆ ವಾಹನ ಡೆಕ್ಕಿನಲ್ಲೇ ಬಿಡಬೇಕು. ರೋಗಿಯ ಆಮ್ಲಜನಕದ ಸಿಲಿಂಡರನ್ನು ಮೊದಲೇ ತಿಳಿಸಿದರೆ ಹೆಚ್ಚಿನವರು ಒಪ್ಪುತ್ತಾರೆ. ಎರಡು ಕಡೆ ಎರಡು ನಿಯಮ ಕಂಡ ಪ್ರಯಾಣಿಕರು ಮೂರನೇ ಕಡೆ ಏನನ್ನೂ ಕೇಳದೆ ಬ್ಯಾಗಿನೊಳಗೆ ಹಾಕಿಕೊಳ್ಳುತ್ತಾರೆ.

2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ದ್ವೀಪದ ಬಳಿ ಲಂಗರು ಹಾಕಿದ್ದ ಕನ್ಸೆಪ್ಷನ್ ಎಂಬ ಡೈವಿಂಗ್ ಪ್ರವಾಸಿ ದೋಣಿ ಉರಿದು, ಕೆಳಗಿನ ಕೋಣೆಯಲ್ಲಿ ಮಲಗಿದ್ದ 34 ಮಂದಿ ಸತ್ತರು. ಅದು ಫೆರಿಯಲ್ಲ, ಆದರೆ ಪಾಠ ಫೆರಿಯದೇ. ರಾತ್ರಿ ಊಟದ ಕೋಣೆಯಲ್ಲಿ ಕ್ಯಾಮೆರಾ, ಫೋನು, ಟಾರ್ಚುಗಳು ಚಾರ್ಜಾಗುತ್ತಿದ್ದವು. ಬೆಂಕಿಯ ನಿಖರ ಮೂಲವನ್ನು ತನಿಖೆ ನಿರ್ಧರಿಸಲಾಗಲಿಲ್ಲ. ಅದು ಖಚಿತವಾಗಿ ಹೇಳಿದ್ದು ಬೇರೆ: ರಾತ್ರಿ ಎಚ್ಚರವಿದ್ದು ಸುತ್ತು ಹಾಕಬೇಕಾದ ಕಾವಲುಗಾರ ಇರಲಿಲ್ಲ. ಅದೂ ನಿಯಮದಲ್ಲಿ ಇದ್ದದ್ದೇ.

ನಿಷೇಧ ಹಾಕಿದ ಮೇಲೆ

ಇಷ್ಟು ಹೊತ್ತು ಹೇಳಿದ ಬಹುಪಾಲು ನಿಯಮಗಳ ನೇರ ಹಿಡಿತ ಇರುವುದು ಅಂತರರಾಷ್ಟ್ರೀಯ ಯಾನದ ಹಡಗುಗಳ ಮೇಲೆ. ಒಂದೇ ದೇಶದೊಳಗೆ ನದಿ ದಾಟಿಸುವ, ದ್ವೀಪಕ್ಕೆ ಹೋಗಿ ಬರುವ ಫೆರಿಗಳು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಫೆರಿ ದುರಂತಗಳ ಸಾವಿನ ಬಹುಪಾಲು ಆಗುವುದು ಅಲ್ಲೇ. 2015ರ ಏಪ್ರಿಲ್‌ನಲ್ಲಿ ಐಎಂಒ ಸಮ್ಮೇಳನ ಇಂಥ ಫೆರಿಗಳ ಸುರಕ್ಷತೆಯ ಕುರಿತು ಮನಿಲಾ ಹೇಳಿಕೆಯನ್ನು ಅಂಗೀಕರಿಸಿತು, 2022ರಲ್ಲಿ ದೇಶೀಯ ಫೆರಿ ಸುರಕ್ಷತೆಗೆ ಮಾದರಿ ನಿಯಮಾವಳಿ ಬಂತು. ಎರಡೂ ಕಡ್ಡಾಯವಲ್ಲ. ಒಪ್ಪಿಕೊಂಡ ದೇಶ ತನ್ನ ಕಾನೂನಿಗೆ ಸೇರಿಸಿಕೊಳ್ಳಬಹುದು, ಅಷ್ಟೇ.

ಸೇರಿಸಿಕೊಂಡರೂ ನಿಷೇಧದ ಸಾಲೊಂದನ್ನೇ ನಕಲು ಮಾಡುವುದು ದೊಡ್ಡ ತಪ್ಪು. ಫೆರಿಯೊಂದೇ ದಾರಿಯಾಗಿರುವ ದ್ವೀಪಕ್ಕೂ ಅಡುಗೆ ಅನಿಲ ಬೇಕು, ಮೀನು ದೋಣಿಯ ಎಂಜಿನ್ನಿಗೆ ಪೆಟ್ರೋಲ್ ಬೇಕು, ವೆಲ್ಡಿಂಗಿಗೆ ಅಸಿಟಿಲೀನ್ ಬೇಕು, ಆಸ್ಪತ್ರೆಗೆ ಆಮ್ಲಜನಕ ಬೇಕು. ಪ್ರಯಾಣಿಕ ಫೆರಿಯಲ್ಲಿ ಒಯ್ಯಬೇಡಿ ಎಂದು ಬೋರ್ಡು ಹಾಕಿ, ಬೇರೆ ಯಾವ ಸಾಗಣೆಯನ್ನೂ ಕೊಡದಿದ್ದರೆ ಸಿಲಿಂಡರು ಅಕ್ಕಿ ಮೂಟೆಗಳ ನಡುವೆ ಕೂರುತ್ತದೆ, ಪೆಟ್ರೋಲ್ ಅಡುಗೆ ಎಣ್ಣೆಯ ಡಬ್ಬದಲ್ಲಿ ಬರುತ್ತದೆ. ತೆರೆದ ಡೆಕ್ಕಿನ ಮೇಲೆ, ನೆಟ್ಟಗೆ ನಿಲ್ಲಿಸಿ, ಕವಾಟಕ್ಕೆ ಮುಚ್ಚಳ ಹಾಕಿ, ಸರಪಳಿ ಕಟ್ಟಿ ಒಯ್ದ ಸಿಲಿಂಡರಿಗಿಂತ ಮೂಟೆಗಳಡಿ ಅಡ್ಡ ಮಲಗಿಸಿದ ಸಿಲಿಂಡರು ಎಷ್ಟೋ ಪಟ್ಟು ಅಪಾಯ. ಅಡ್ಡ ಮಲಗಿದ ಎಲ್‌ಪಿಜಿ ಸಿಲಿಂಡರಿನ ಕವಾಟ ಸೋರಿದರೆ ಹೊರಬರುವುದು ದ್ರವ. ಅದು ಆವಿಯಾಗಿ ಸುಮಾರು 270 ಪಟ್ಟು ಹಿಗ್ಗಿ ದೋಣಿಯ ತಳದಲ್ಲಿ ತುಂಬಿಕೊಳ್ಳುತ್ತದೆ. ಎಂಜಿನ್ ಇರುವುದೂ ಅಲ್ಲೇ.

ಇದಕ್ಕೆ ಪರಿಹಾರ ಹೊಸದಾಗಿ ಹುಡುಕಬೇಕಾಗಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಿಸಿ ಫೆರೀಸ್ ಸಂಸ್ಥೆ ಕೆಲವು ದ್ವೀಪಗಳಿಗೆ ನಿಗದಿತ ದಿನಗಳಲ್ಲಿ ಅಪಾಯಕಾರಿ ಸರಕಿಗೆಂದೇ ಫೆರಿ ಬಿಡುತ್ತದೆ. ಪ್ರಯಾಣಿಕರಿಗೆ ಅಂದು ಪ್ರವೇಶವಿಲ್ಲ, ವೇಳಾಪಟ್ಟಿಯಲ್ಲೇ ಅದು ಅಚ್ಚಾಗಿರುತ್ತದೆ. ಅದೇ ಹಡಗು, ಅದೇ ಸಿಬ್ಬಂದಿ. ಬಾಲ್ಟಿಕ್ ಸಮುದ್ರದ ಸುತ್ತಲಿನ ದೇಶಗಳು ಇನ್ನೊಂದು ದಾರಿ ಹಿಡಿದಿವೆ. ಅಲೆ ಕಡಿಮೆ ಇರುವ ಮಾರ್ಗಗಳ ವಾಹನ ಫೆರಿಗಳಲ್ಲಿ, ರಸ್ತೆ ಸಾಗಣೆಯ ನಿಯಮದಂತೆ ಕಟ್ಟಿದ ಸರಕನ್ನು ಕೆಲವು ಷರತ್ತುಗಳೊಂದಿಗೆ ಹಾಗೆಯೇ ಒಯ್ಯಬಹುದು ಎಂದು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿವೆ. ಲಾರಿ ಚಾಲಕರು ಬಂದರಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ತಪ್ಪಿದರೆ ಸುಳ್ಳು ಬರೆಯುವ ಅಗತ್ಯವೂ ಅಷ್ಟರಮಟ್ಟಿಗೆ ತಪ್ಪುತ್ತದೆ.

ಚಿಕ್ಕ ದೋಣಿಗಳಲ್ಲಿ ಇಷ್ಟೆಲ್ಲ ಬೇಕಾಗುವುದಿಲ್ಲ. ವಾರಕ್ಕೆರಡು ಸಲ ಬೆಳಗಿನ ಮೊದಲ ಯಾನ ಸಿಲಿಂಡರ್ ಮತ್ತು ಇಂಧನಕ್ಕೆ ಮೀಸಲು, ಆ ಯಾನಕ್ಕೆ ಟಿಕೆಟ್ ಮಾರುವುದಿಲ್ಲ ಎಂದು ನಿರ್ಧರಿಸಿದರೆ ಆಯಿತು. ದೋಣಿ ಹತ್ತುವ ಜಾಗದಲ್ಲಿ ತೂಕದ ಯಂತ್ರದ ಪಕ್ಕ ಒಂದು ನೆರಳಿರುವ, ಬೀಗ ಹಾಕಬಹುದಾದ ಜಾಲರಿ ಕಟ್ಟೆ ಬೇಕು. ಬೇರೆ ದಿನ ಕ್ಯಾನು ತಂದವರು ಅದನ್ನು ಅಲ್ಲಿ ಬಿಟ್ಟು ಚೀಟಿ ಪಡೆಯುವಂತಿರಬೇಕು. ಈಗ ಹೆಚ್ಚಿನ ಕಡೆ ಗೇಟಿನಲ್ಲಿ ನಿಂತವರಿಗೆ ಇರುವುದು ಎರಡೇ ಆಯ್ಕೆ, ಕ್ಯಾನನ್ನು ವಾಪಸ್ ಕಳಿಸುವುದು ಅಥವಾ ಕಂಡರೂ ಕಾಣದಂತಿರುವುದು. ಪ್ರಯಾಣಿಕರಿಲ್ಲದ ಯಾನ ನಷ್ಟದ ಬಾಬತ್ತು, ಅದರ ಖರ್ಚನ್ನು ಫೆರಿ ನಡೆಸುವವರ ತಲೆಗೆ ಕಟ್ಟಿದರೆ ಅವರು ಎರಡೇ ತಿಂಗಳಲ್ಲಿ ಕೈಬಿಡುತ್ತಾರೆ. ಸಿಲಿಂಡರಿನ ಬೆಲೆಗೆ ಸೇರಿಸಿದರೆ ದ್ವೀಪದವರು ಮತ್ತೆ ಮೂಟೆಗಳ ಕಡೆ ನೋಡುತ್ತಾರೆ. ನಿಷೇಧ ಹೇರುವ ಆದೇಶದಲ್ಲೇ ಆ ಯಾನದ ಖರ್ಚಿಗೆ ಸರ್ಕಾರ ಹಣ ಇಡಬೇಕು.